ನೆಂಟರಿಗೆಂದು ಎತ್ತಿಟ್ಟ ಸರೋವರ

ಚಿನ್ನು, ಪುಟ್ಟಿ, ಆಮೇಲೆ ಪ್ಲಿಮತ್‌ನಲ್ಲಿರುವ ನನ್ನ ಬಂಗಾರಿ, ನೀವು ಮೂವರೂ ಇದನ್ನು ಓದುವ ಹೊತ್ತಿಗೆ ನಿಮ್ಮ ಕನ್ನಡ ಇನ್ನೂ ಸ್ವಲ್ಪ ಸುಧಾರಿಸಿರುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ. ಓದಲು ತೊಡಕಾದರೆ ನಿಮ್ಮ ಅಮ್ಮಂದಿರ ಕೈಗೆ ಕೊಡಿ. ಅವರಿಗೆ ಪುರುಸೊತ್ತಿರುವುದಿಲ್ಲ, ಅದು ನನಗೂ ಗೊತ್ತು. ಆದರೂ ಕೊಡಿ.

ಬಾಯಲ್ಲೇ ಹೇಳಬಹುದಿತ್ತು. ಆದರೆ ನನಗೆ ಮೊದಲಿಂದಲೂ ನಾಲ್ಕು ಜನರೆದುರು ಮಾತು ಹೊರಡುವುದಿಲ್ಲ. ನಾನು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಮೇಷ್ಟರು ಎದ್ದು ನಿಂತು ಪಾಠ ಓದು ಅಂದರೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಬರೆಯಲು ಕೊಟ್ಟರೆ ಮಾತ್ರ ಪುಟ ತುಂಬುತ್ತಿತ್ತು. ಈಗಲೂ ಅಷ್ಟೆ.

ನಿಮ್ಮ ತಾತ ಇದ್ದಾಗ ನಾವಿಬ್ಬರೂ ಮೊದಲ ಸಲ ಈ ದೇಶಕ್ಕೆ ಬಂದದ್ದು ನೋಡಲು ಬರುವವರ ವೀಸಾದಲ್ಲಿ. ಆಗ ನಿಮ್ಮ ಅಮ್ಮ ರಜೆ ಹಾಕಿ ನಮ್ಮನ್ನು ಶಿಕಾಗೋ ಎಲ್ಲ ಸುತ್ತಿಸಿದಳು. ಗಾಜಿನ ನೆಲದ ಮೇಲೆ ನಿಂತು ಕೆಳಗಿನ ರಸ್ತೆ ನೋಡುವ ಕಟ್ಟಡ, ಕನ್ನಡಿಯಂತೆ ಹೊಳೆಯುವ ದೊಡ್ಡ ಹುರುಳಿಬೀಜದಂಥದ್ದು, ಮೂಳೆಗಳನ್ನೇ ಜೋಡಿಸಿ ನಿಲ್ಲಿಸಿದ ಪ್ರಾಣಿಗಳು, ಮೀನುಗಳ ಮನೆ, ದೋಣಿ. ಹತ್ತು ದಿನಕ್ಕೆ ನನ್ನ ಕಾಲು ಊದಿಕೊಂಡವು. ತಾತ ಮಾತ್ರ ಪ್ರತಿಯೊಂದರ ಮುಂದೆ ನಿಂತು, ಇವಳಿಗೆ ಎಷ್ಟು ಅದೃಷ್ಟ ನೋಡು, ದಿನಾ ಇದನ್ನೆಲ್ಲ ನೋಡಿಕೊಂಡಿರುತ್ತಾಳೆ ಅಂತ ಮಗಳ ಬಗ್ಗೆ ಹೇಳುತ್ತಿದ್ದರು. ಅವಳು ನಗುತ್ತಿದ್ದಳು. ಆ ನಗುವಿನ ಅರ್ಥ ನನಗೆ ತಿಳಿದದ್ದು ತಾತ ಹೋದ ಮೇಲೆ, ನಾನು ಇಲ್ಲೇ ಉಳಿಯಲು ಬಂದ ಮೇಲೆ.

ಇಲ್ಲೇ ಉಳಿದವರು ಏನನ್ನೂ ನೋಡುವುದಿಲ್ಲ. ನನ್ನನ್ನು ಕಡೆಗಣಿಸಿದರು ಅಂತ ದೂರುತ್ತಿಲ್ಲ. ಅವರೂ ಹೋಗುವುದಿಲ್ಲ, ಅದಕ್ಕೆ ಹೇಳಿದೆ. ಶಿಕಾಗೋ ಹೊರವಲಯದ ಹಾಫ್‌ಮನ್ ಎಸ್ಟೇಟ್ಸ್‌ನ ಈ ಮನೆ ಕೊಳ್ಳುವಾಗ ನಿಮ್ಮ ಅಪ್ಪ ಅಮ್ಮ ನನಗೆ ಫೋನಿನಲ್ಲಿ ಒಂದೊಂದಾಗಿ ಹೇಳಿದ್ದರು: ಹಿಂದೆ ನಡೆಯುವ ದಾರಿ ಇದೆ, ಸಬ್‌ಡಿವಿಷನ್ನಿಗೆ, ಅಂದರೆ ಬಡಾವಣೆಗೆ, ಈಜುಕೊಳ ಇದೆ, ಲೈಬ್ರರಿ ಎರಡು ಮೈಲಿ, ಲೇಕ್, ಅಂದರೆ ಶಿಕಾಗೋದ ಆ ದೊಡ್ಡ ಸರೋವರ, ಒಂದು ಗಂಟೆ. ನಡೆಯುವ ದಾರಿಯಲ್ಲಿ ನಾನು ಕಂಡದ್ದು ಬಾತುಕೋಳಿಗಳನ್ನು. ಈಜುಕೊಳಕ್ಕೆ ಬೇಸಿಗೆಯಲ್ಲಿ ನೀವು ಎರಡು ಸಲ ಹೋಗಿರಬಹುದು. ಪ್ಲಿಮತ್‌ನಲ್ಲಿ ನನ್ನ ಮಗನ ಮನೆಯಲ್ಲೂ ಹೀಗೇ. ಅಲ್ಲಿಂದ ಅರ್ಧ ಗಂಟೆ ಹೋದರೆ ಡೆಟ್ರಾಯಿಟ್‌ನಲ್ಲಿ ಹೊಳೆ, ಆಚೆ ದಡ ಬೇರೆ ದೇಶ. ದಡದುದ್ದಕ್ಕೂ ಓಡಾಡಲು ಚಂದದ ಹಾದಿ ಮಾಡಿದ್ದಾರಂತೆ. ನಿನ್ನ ಅಪ್ಪನನ್ನು ಕೇಳಿದೆ, ಬಂಗಾರಿ, ನೀನು ಹೋಗಿದ್ದೀಯೇನೋ ಅಂತ. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದ: "ಅದೆಲ್ಲಿಗೆ ಹೋಗತ್ತಮ್ಮ, ಅಲ್ಲೇ ಇರತ್ತೆ. ಯಾರಾದ್ರೂ ಊರಿಂದ ಬಂದಾಗ ಹೋದ್ರಾಯ್ತು."

ಒಳ್ಳೆಯ ಲೋಟಗಳನ್ನು ನೆಂಟರಿಗೆಂದು ಮೇಲಿನ ಗೂಡಿನಲ್ಲಿ ಎತ್ತಿಡುತ್ತೇವಲ್ಲ, ಹಾಗೆ ಇವರು ಊರನ್ನೇ ಎತ್ತಿಟ್ಟಿದ್ದಾರೆ.

ಇದೆಲ್ಲ ನನಗೆ ಹೊಳೆದದ್ದು ಹತ್ತಿರದ ಊರು ಇಟಾಸ್ಕಾದ ವೈನಿಯಿಂದ. ಪುಟ್ಟಿಗೆ ಅವರ ನೆನಪಿರಬೇಕು. ಭಾನುವಾರ ನಿಮ್ಮ ಕನ್ನಡ ಕ್ಲಾಸು ನಡೆಯುವಾಗ ಹೊರಗೆ ಕಾರಿಡಾರಿನ ಕುರ್ಚಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ, ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ ತೊಡುತ್ತಿದ್ದ ಅಜ್ಜಿ. ಬಾಗಲಕೋಟೆ ಕಡೆಯವರು. ಅವರ ಕಡೆ ಗೌರವದಿಂದ ವೈನಿ ಅನ್ನುತ್ತಾರಂತೆ, ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ಅಕ್ಕಾರ ಅನ್ನುತ್ತಿದ್ದರು. ಹದಿನೈದು ವರ್ಷದಿಂದ ಮಗನ ಮನೆಯಲ್ಲಿದ್ದು ಮೂರು ಮೊಮ್ಮಕ್ಕಳನ್ನು ಬೆಳೆಸಿದ್ದರು. ಆ ಕ್ಲಾಸಿನಲ್ಲಿ ಚಿಕ್ಕವರಿಗೆ ಹೇಳಿಕೊಡಲು ಬರುತ್ತಿದ್ದ ಕಡೆಯವನಿಗೂ ಕಾಲೇಜು ಹತ್ತಿರ ಬಂದಿತ್ತು, ಮಂಡಿ ನೋವು ಜಾಸ್ತಿಯಾಗಿತ್ತು, ಊರಿಗೆ ಹೊರಟು ನಿಂತಿದ್ದರು. ಮತ್ತೆ ಬರುವ ಮಾತಿರಲಿಲ್ಲ.

ಹೊರಡುವುದಕ್ಕೆ ಒಂದು ತಿಂಗಳಿರುವಾಗ, ಕಾರಿಡಾರಿನಲ್ಲಿ ಬೇರೆ ಯಾರೂ ಇಲ್ಲದ್ದು ನೋಡಿಕೊಂಡು, ಒಂದು ವಿಷಯ ಹೇಳಿದರು. ಊರಲ್ಲಿ ಅವರ ಅಕ್ಕ ಇದ್ದಾರೆ, ಹಾಸಿಗೆ ಹಿಡಿದು ಬಹಳ ವರ್ಷವಾಗಿದೆ. ವಾರಕ್ಕೊಮ್ಮೆ ಫೋನು. ಬಂದ ಹೊಸದರಲ್ಲಿ ಅಕ್ಕ, ಅಲ್ಲಿ ಏನೇನು ನೋಡಿದೆ ಅಂತ ಕೇಳಿದರಂತೆ. ನೋಡಿದ್ದು ಅಡಿಗೆಮನೆ, ಗ್ಯಾರೇಜು, ದೇವಸ್ಥಾನದ ಕಾರ್ ಪಾರ್ಕಿಂಗು. ಅದನ್ನು ಹೇಳಲು ನಾಚಿಕೆಯಾಗಿ, ಕ್ಯಾಲೆಂಡರಿನಲ್ಲಿದ್ದ ಸರೋವರದ ಚಿತ್ರ ನೋಡಿ, ದಿನಾ ಸಂಜೆ ಅದರ ದಂಡೆಯ ಮೇಲೆ ಅಡ್ಡಾಡುತ್ತೇನೆ ಅಂದುಬಿಟ್ಟರು. ಅಕ್ಕನಿಗೆ ಅದೇ ಇಷ್ಟವಾಯಿತು. ಪ್ರತಿ ವಾರ, ನಿನ್ನ ಕೆರಿ ಹೆಂಗದ ಅಂತ ಕೇಳುವುದು. ಇವರು ಹಸಿರು ನೀರು, ಬಣ್ಣದ ಹಾಯಿ ದೋಣಿ, ಬಿಳಿ ಹಕ್ಕಿ ಅಂತ ಹದಿನೈದು ವರ್ಷ ಹೇಳುತ್ತ ಬಂದಿದ್ದರು.

"ಅಷ್ಟು ವರ್ಷದಲ್ಲಿ ಒಮ್ಮೆನೂ ನೋಡಿಲ್ವ ವೈನಿ?" ಅಂದೆ.

"ಇಲ್ರೀ. ಊರಿಂದ ಮಂದಿ ಬಂದಾಗೆಲ್ಲ ಹೋಗ್ತಾರ. ಕಾರಿನ್ಯಾಗ ಏಳು ಸೀಟು. ಬಂದವರು ಕೂಡಬೇಕಲ್ಲ? ತಿರುಗಿ ಬರೂದ್ರೊಳಗ ಯಾರರ ಬಿಸಿ ರೊಟ್ಟಿ ಮಾಡಿ ಇಡಬೇಕಲ್ಲ? ನಾ ಮನ್ಯಾಗಿನಾಕಿ, ಯಾವಾಗ ಬೇಕಾದ್ರೂ ಹೋಗಬಹುದು ಅಂತ ನಾನ ಅಂತಿದ್ದೆ." ಆಮೇಲೆ ಹೇಳಿದರು: "ಫೋನಿನ್ಯಾಗ ಸುಳ್ಳು ಹೇಳಬಹುದು ಅಕ್ಕಾರ. ಅಕಿ ಮಾರಿ ಮುಂದ ಕುಂತು ಹೆಂಗ ಹೇಳ್ಲಿ? ಒಮ್ಮೆ ನೋಡಿದ್ರ ಸಾಕು. ನೋಡೀನಿ ಅನ್ನೂದರ ಖರೇ ಆಗ್ತದ."

ಮಗನನ್ನು ಕೇಳಿ ಅಂದೆ. ಕೇಳಿದರೆ ಖಂಡಿತ ಕರೆದುಕೊಂಡು ಹೋಗುತ್ತಾನೆ, ಆದರೆ ಹದಿನೈದು ವರ್ಷ ಅಮ್ಮನನ್ನು ಕರೆದೊಯ್ಯಲಿಲ್ಲವಲ್ಲ ಅಂತ ಅವನ ಮನಸ್ಸಿಗೆ ನಾಟುತ್ತದೆ, ಹೋಗುವಾಗ ಅದನ್ನು ಬಿಟ್ಟು ಹೋಗಲಾರೆ ಅಂದರು. ಹಾಗಾಗಿ ನಾನು ನನ್ನ ಮಗಳನ್ನು ಕೇಳಿದೆ, ನಮ್ಮಿಬ್ಬರನ್ನೂ ಲೇಕಿಗೆ ಕರೆದುಕೊಂಡು ಹೋಗುತ್ತೀಯಾ ಅಂತ. ಶನಿವಾರ ಹೋಗೋಣಮ್ಮ ಅಂದಳು. ಮೊದಲ ಶನಿವಾರ ಚಿನ್ನುವಿನ ಸಾಕರ್. ಎರಡನೆಯದಕ್ಕೆ ಯಾರದೋ ಹುಟ್ಟುಹಬ್ಬ. ಮೂರನೆಯದಕ್ಕೆ ಅವಳು ಬೆಳಿಗ್ಗೆ ಹತ್ತಾದರೂ ಏಳಲಿಲ್ಲ. ಬಾಗಿಲಿಗೆ ಹೋಗಿ ನೋಡಿದೆ. ವಾರವೆಲ್ಲ ದುಡಿದು, ಬಾಯಿ ತೆರೆದುಕೊಂಡು ಮಲಗಿದ್ದಳು. ಎಬ್ಬಿಸಲು ಮನಸ್ಸು ಬರಲಿಲ್ಲ. ಇವರು ಊರು ನೋಡದೆ ಇರುವುದು ಸೋಮಾರಿತನದಿಂದ ಅಂತ ಅದುವರೆಗೆ ಒಳಗೊಳಗೇ ಅಂದುಕೊಂಡಿದ್ದೆ. ಆ ಮುಖ ನೋಡಿದ ಮೇಲೆ ಹಾಗೆ ಅಂದುಕೊಳ್ಳುವುದನ್ನು ಬಿಟ್ಟೆ.

ವೈನಿಯ ವಿಮಾನ ಗುರುವಾರಕ್ಕಿತ್ತು. ಮಂಗಳವಾರ ನಾವೇ ಹೋದೆವು.

ನಿಮ್ಮ ಅಮ್ಮನ ಆಫೀಸು ಇಟಾಸ್ಕಾದಲ್ಲೇ. ವೈನಿಗೆ ಸಾಮಾನು ಕಟ್ಟಲು ಸಹಾಯ ಮಾಡುತ್ತೇನೆ ಅಂತ ಹೇಳಿ ಬೆಳಿಗ್ಗೆ ಅವಳ ಕಾರಿನಲ್ಲಿ ಹೋಗಿ ಇಳಿದೆ. ಅದು ಸುಳ್ಳು, ಒಪ್ಪಿಕೊಳ್ಳುತ್ತೇನೆ. ಅವಳ ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಾವಿಬ್ಬರೂ ರೈಲು ಸ್ಟೇಷನ್ನಿಗೆ ನಡೆದೆವು. ವೈನಿಯ ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿ. ನನ್ನ ಕೈಯಲ್ಲಿ ಒಂದು ಚೀಟಿ. ಹಿಂದಿನ ದಿನ, ಫ್ರಿಜ್ಜಿಗೆ ಅಂಟಿಸಿದ್ದ ಲೇಕಿನ ಹೆಸರಿನ ಅಯಸ್ಕಾಂತದ ಬಿಲ್ಲೆ ನೋಡಿ, ಇಂಗ್ಲಿಷ್ ಅಕ್ಷರದಲ್ಲಿ ಲೇಕ್ ಅಂತ ದೊಡ್ಡದಾಗಿ ಬರೆದುಕೊಂಡಿದ್ದೆ. ಯಾರನ್ನಾದರೂ ಕೇಳಬೇಕಾಗಿ ಬಂದರೆ ಬಾಯಿ ಬದಲು ಅದು ಇರಲಿ ಅಂತ.

ರೈಲಿನಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು, ಇಲ್ಲವೆ ಫೋನು ನೋಡುತ್ತಿದ್ದರು. ಟಿಕೆಟ್ಟಿನವನು ಬಂದಾಗ ನಾನು ನೋಟು ಚಾಚಿ ತಲೆ ತಗ್ಗಿಸಿದೆ. ಶಿಕಾಗೋದ ಕೊನೆಯ ಸ್ಟೇಷನ್ನಿನಲ್ಲಿ ಜನ ನಮ್ಮನ್ನು ನೂಕಿಕೊಂಡೇ ಹೊರಗೆ ತಂದರು. ಹೊರಗೆ ಬಂದರೆ ಎದುರಿಗೇ ನೀರು. ಅಬ್ಬ, ಇಷ್ಟು ಹತ್ತಿರವಾ ಅಂತ ನನಗೆ ಹಿಗ್ಗಾಯಿತು, ಇಲ್ಲೇ ಇದೆ ನೋಡಿ ಅಂತ ತೋರಿಸಿದೆ. ವೈನಿ ಸೇತುವೆಯ ಕಂಬಿ ಹಿಡಿದು ಬಗ್ಗಿ ನೋಡಿ ಹೇಳಿದರು: "ಅಕ್ಕಾರ, ನಾ ಕೃಷ್ಣಾ ಹೊಳಿ ದಂಡಿ ಮ್ಯಾಲೆ ಹುಟ್ಟಿದಾಕಿ. ನನಗ ಹೊಳಿ ತೋರ್ಸಿ ಕೆರಿ ಅಂತೀರಲ್ಲ." ಇಬ್ಬರಿಗೂ ನಗು ಬಂತು. ಅದೊಂದೇ ಸಲ ಆ ದಿನ ಜೋರಾಗಿ ನಕ್ಕದ್ದು.

ಸೇತುವೆಯ ಬಳಿ ನಿಂತ ಬಸ್ಸಿನ ಬಾಗಿಲಲ್ಲಿ ಚೀಟಿ ಚಾಚಿದೆ. ಬಸ್ಸು ಓಡಿಸುವ ಹೆಂಗಸು ಅದನ್ನೂ ನಮ್ಮ ಸೀರೆಗಳನ್ನೂ ನೋಡಿ, ಮುಂದಿನ ಸೀಟು ತೋರಿಸಿದಳು. ಇಳಿಯಬೇಕಾದಾಗ ತಿರುಗಿ ಕೈ ಸನ್ನೆಯಲ್ಲೇ ದಾರಿ ಹೇಳಿದಳು. ಆದರೆ ಇಳಿದ ಮೇಲೂ ಬಹಳ ದೂರವಿತ್ತು. ದೊಡ್ಡ ಪಾರ್ಕು, ಅದರ ನಡುವೆ ರಸ್ತೆ, ಮತ್ತೆ ಪಾರ್ಕು, ಮತ್ತೆ ಎಂಟು ಸಾಲು ಕಾರು ಹರಿಯುವ ರಸ್ತೆ. ಏಪ್ರಿಲ್ ಆದರೂ ಗಾಳಿ ಕೊರೆಯುತ್ತಿತ್ತು. ವೈನಿ ಸಿಕ್ಕ ಬೆಂಚಿನ ಮೇಲೆಲ್ಲ ಕೂರುತ್ತಿದ್ದರು. ಅಷ್ಟು ಚಂದದ ಬೆಂಚುಗಳು, ಅಷ್ಟು ಅಗಲದ ಹಾದಿ, ಸಾಲುಮರ. ಕೂರುವವರು ನಾವಿಬ್ಬರೇ.

ನಾಲ್ಕನೆಯ ಬೆಂಚಿನಲ್ಲಿ ಅವರು ಏಳಲಿಲ್ಲ. ಮಂಡಿ ಉಜ್ಜಿಕೊಳ್ಳುತ್ತ, "ಅಲ್ಲೆ ನೀಲಿ ಗೆರಿ ಕಾಣಸ್ತದಲ್ರಿ. ಸಾಕು. ನೋಡ್ದಂಗ ಆತು" ಅಂದರು. ಮಕ್ಕಳೇ, ನಾನು ಯಾರಿಗೂ ಎದುರು ಹೇಳಿದವಳಲ್ಲ. ತಾತನಿಗೂ ಹೇಳಿಲ್ಲ. ಆವತ್ತು ಮಾತ್ರ ಅವರ ಚೀಲ ಎತ್ತಿಕೊಂಡು ಮುಂದೆ ಹೋಗಿ ನಿಂತು ಹೇಳಿದೆ: "ಇದೂ ಅರ್ಧ ಸುಳ್ಳೇ ಆಗತ್ತೆ ವೈನಿ. ಏಳಿ, ಇನ್ನೊಂದು ರಸ್ತೆ." ಅವರು ನನ್ನ ಮುಖವನ್ನೇ ನೋಡಿ, ನನ್ನ ಭುಜದ ಮೇಲೆ ಕೈಯಿಟ್ಟು ಎದ್ದರು. ಆ ಕೈಯ ಭಾರ ಇವತ್ತಿಗೂ ಭುಜದಲ್ಲಿದೆ.

ಸರೋವರ ಬೂದಿ ಬಣ್ಣದ್ದಾಗಿತ್ತು. ಆಕಾಶವೂ ಬೂದಿ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಒಂದು ದೋಣಿಯೂ ಇರಲಿಲ್ಲ. ಇದ್ದವರೆಂದರೆ ನಾಯಿ ಹಿಡಿದ ಒಬ್ಬ ಮುದುಕ, ಯಾವುದೋ ದೇಶದಿಂದ ನೋಡಲು ಬಂದ ಗಂಡ ಹೆಂಡತಿ. ಅವರು ಫೋಟೋ ತೆಗೆಯಲು ನನಗೆ ಫೋನು ಕೊಟ್ಟರು. ಬೆನ್ನ ಹಿಂದಿನ ಆ ದೊಡ್ಡ ಊರಿನಿಂದ ನೀರು ನೋಡಲು ಬಂದವರು ಒಬ್ಬರೂ ಇದ್ದಂತೆ ಕಾಣಲಿಲ್ಲ.

ವೈನಿ ಕಲ್ಲಿನ ಮೆಟ್ಟಿಲ ಮೇಲೆ ಕೂತು ನೀರಿನ ಕಡೆ ನೋಡಿದರು. ಅಳುತ್ತಾರೇನೋ ಅಂದುಕೊಂಡೆ. ಅಳಲಿಲ್ಲ.

"ನಾ ಹೇಳಿದ್ದ ಕೆರಿ ಇದಕ್ಕಿಂತ ಛಲೋ ಇತ್ರಿ" ಅಂದರು. ಆಮೇಲೆ ಚಪಾತಿ ಬಿಚ್ಚಿದರು. ಗಾಳಿಗೆ ಚಟ್ನಿಪುಡಿ ಹಾರಿ ಸೀರೆಯ ಮೇಲೆಲ್ಲ ಬಿತ್ತು. ತಿಂದು ಎದ್ದೆವು.

ಬರುವಾಗ ರೈಲಿನಲ್ಲಿ ಇಬ್ಬರೂ ನಿದ್ದೆ ಹೋದೆವು. ಇಟಾಸ್ಕಾ ದಾಟಿಹೋಗುವುದೊಂದು ತಪ್ಪಿತು. ವೈನಿಯ ಮನೆ ಸೇರುವಷ್ಟರಲ್ಲಿ ನಿಮ್ಮ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಮಧ್ಯಾಹ್ನ ಊಟಕ್ಕೆ ಕರೆಯಲು ಬಂದವಳು, ಬೀಗ ನೋಡಿ ಗಾಬರಿಯಾಗಿ ಎಲ್ಲರಿಗೂ ಫೋನು ಮಾಡಿದ್ದಳಂತೆ. ವೈನಿಯ ಮಗನಿಗೂ. ವೈನಿ ಮಗನಿಂದ ಮುಚ್ಚಿಡಬೇಕೆಂದದ್ದು ಹೀಗೆ ಬಯಲಾಯಿತು. ಮಗ ಬಂದು ಅಮ್ಮನ ಶೂ ಬಿಚ್ಚಲು ಕೆಳಗೆ ಕೂತವನು ಬಹಳ ಹೊತ್ತು ತಲೆ ಎತ್ತಲಿಲ್ಲ. ನಾವು ಹೊರಗೆ ಬಂದೆವು.

ಕಾರಿನಲ್ಲಿ ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡು ಸಿಗ್ನಲ್ ದಾಟಿದ ಮೇಲೆ, "ಹೇಗಿತ್ತಮ್ಮ ಲೇಕು?" ಅಂತ ಕೇಳಿದಳು. ಬೂದಿ ಬಣ್ಣ ಇತ್ತು ಕಣೇ ಅಂದೆ. "ನಾನು ನೋಡಿ ಆರು ವರ್ಷ ಆಯ್ತು" ಅಂದಳು. "ಊರಿಂದ ಯಾರೂ ಬಂದಿಲ್ಲ ನೋಡು."

ವೈನಿ ಊರು ಸೇರಿ ಮೂರು ವಾರಕ್ಕೆ ಫೋನು ಮಾಡಿದರು. ಅಕ್ಕನ ಎದುರು ಕೂತ ಮೊದಲ ದಿನವೇ ಎಲ್ಲ ಹೇಳಿಬಿಟ್ಟರಂತೆ, ಕ್ಯಾಲೆಂಡರಿನಿಂದ ಹಿಡಿದು ಆ ಮಂಗಳವಾರದವರೆಗೆ. ನೋಡಿ ಬಂದಾಗಿತ್ತಲ್ಲ, ಹೇಳದೆ ಇರಬಹುದಿತ್ತು, ಆದರೆ ನೋಡಿದ ಮೇಲೆ ಸುಳ್ಳು ಹೇಳಲು ಬರಲೇ ಇಲ್ಲ ಅಂದರು. ಹಾಸಿಗೆಯಲ್ಲಿದ್ದ ಅಕ್ಕ ಸಿಟ್ಟಾಗಲಿಲ್ಲ. ಅವರು ಅಂದದ್ದನ್ನು ವೈನಿ ನನಗೆ ಹಾಗೇ ಹೇಳಿದರು: "ನನಗ ಮೊದಲ ಗೊತ್ತಿತ್ತ. ಹದಿನೈದು ವರ್ಷ ದಿನಾ ಅಡ್ಡಾಡಿದಾಕಿ ಒಂದಿನರ ಕಾಲು ನೋಯ್ತಾವ ಅಂದಿಯೇನು, ಥಂಡಿ ಅಂದಿಯೇನು? ಮಾತಾಡಾಕ ಏನರ ಬೇಕಲ್ಲ ಅಂತ ನಾನೂ ಕೇಳ್ತಿದ್ದೆ. ಈಗ ಆ ಒಂದು ದಿನದ್ದು ಹೇಳು. ಸೇತುವೆ ಮ್ಯಾಲಿಂದ ಶುರು ಮಾಡು."

ಈಗ ದಿನಾ ಅದನ್ನೇ ಹೇಳಿಸುತ್ತಾರಂತೆ. ಬೆಂಚುಗಳನ್ನು ಎಣಿಸಿ, ಬಸ್ಸಿನ ಹೆಂಗಸು, ಹಾರಿದ ಚಟ್ನಿಪುಡಿ, ಎಲ್ಲ. ಹಸಿರು ನೀರಿನ ಕೆರೆಯ ಬಗ್ಗೆ ಮತ್ತೆ ಕೇಳಲಿಲ್ಲವಂತೆ.

ನನಗೂ ದಣಿವಾಗಿದೆ, ಮಕ್ಕಳೇ. ಆ ಮಂಗಳವಾರದ ನಂತರ ನಾನೂ ಮತ್ತೆ ಹೋಗಿಲ್ಲ, ನಿಮ್ಮ ಅಮ್ಮನೂ ಹೋಗಿಲ್ಲ. ನೀವು ಹೋಗಿ ಅಂತ ಉಪದೇಶ ಮಾಡಲು ನನಗೆ ಬಾಯಿಲ್ಲ. ನಾನು ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆದಿದ್ದೇನೆ. ಈ ಹಾಳೆಗಳನ್ನು ಅಮ್ಮ ಪಾಸ್‌ಪೋರ್ಟುಗಳನ್ನಿಡುವ ನೀಲಿ ಫೈಲಿನಲ್ಲಿ ಸೇರಿಸಿಡಿ. ಮನೆ ಬದಲಿಸುವಾಗ ಆ ಒಂದು ಫೈಲನ್ನು ಮಾತ್ರ ಯಾರೂ ಎಸೆಯುವುದಿಲ್ಲ.