ರೊಟ್ಟಿಯ ಜಾಹೀರಾತು ಮಾಡಿದ ಭಾನುವಾರ

ಹುಮನಾಬಾದಿನ ಕಾಲೇಜಿನಲ್ಲಿ ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ, ಮಾರ್ಕೆಟಿಂಗ್ ಪಾಠ ಮಾಡುತ್ತಿದ್ದ ಸರ್ ಒಂದು ಪ್ರಾಜೆಕ್ಟ್ ಕೊಟ್ಟರು. ಇಬ್ಬಿಬ್ಬರು ಸೇರಿ, ಸುತ್ತಮುತ್ತಲಿನ ಯಾವುದಾದರೂ ಸಣ್ಣ ವ್ಯಾಪಾರಕ್ಕೆ ಒಂದು ನಿಮಿಷದ ವಿಡಿಯೊ ಜಾಹೀರಾತು ಮಾಡಬೇಕು. ಮೊಬೈಲಿನಲ್ಲೇ ತೆಗೆದರೂ ನಡೆಯುತ್ತದೆ, ಆದರೆ ಬೇರೆಯವರ ವಿಡಿಯೊ ಕತ್ತರಿಸಿ ಅಂಟಿಸಬಾರದು ಎಂದರು.

ನಾನು ದಿನಾ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ರಾಜೇಶ್ವರದಲ್ಲಿ ನನ್ನ ಗೆಳತಿ ಹತ್ತುತ್ತಿದ್ದಳು. ಅವಳಿಗೆ ಸೀಟು ಹಿಡಿದಿಡುವುದು ನನ್ನ ಕೆಲಸ, ದಾರಿಯುದ್ದಕ್ಕೂ ಮಾತಾಡುವುದು ಅವಳ ಕೆಲಸ. ಸಹಜವಾಗಿ ನಾವಿಬ್ಬರೇ ಒಂದು ಜೋಡಿಯಾದೆವು. ಮೊದಲು ಹುಮನಾಬಾದಿನ ಒಂದು ಸೀರೆ ಅಂಗಡಿಗೆ ಹೋದೆವು. ಅಂಗಡಿಯವರು ಕೂರಿಸಿ, ಚಹಾ ಕುಡಿಸಿ, ನಮ್ಮ ಮಾತು ಪೂರ್ತಿ ಕೇಳಿ, ತಮ್ಮ ಅಳಿಯ ಈಗಾಗಲೇ ಡ್ರೋನ್ ತರಿಸಿ ಜಾಹೀರಾತು ಮಾಡಿಸಿದ್ದಾನೆ ಎಂದು ಹೇಳಿ ಕಳಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಗೆಳತಿಗೆ ಹೊಳೆಯಿತು. ನಿಮ್ಮ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಾರಲ್ಲ, ಅದನ್ನೇ ಮಾಡೋಣ ಎಂದಳು.

ನಾನು ಕೂಡಲೇ ಹೂಂ ಅನ್ನಲಿಲ್ಲ. ಅದಕ್ಕೆ ಕಾರಣವಿತ್ತು.

ನಮ್ಮ ಮನೆಯಲ್ಲಿ ರೊಟ್ಟಿ ಮಾಡುತ್ತಿದ್ದವರು ಅವ್ವ ಮತ್ತು ಕಾಕಿ. ಕಾಕಿ ಎಂದರೆ ಅಪ್ಪನ ತಮ್ಮನ ಹೆಂಡತಿ. ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಎರಡು ಮನೆ, ನಡುವೆ ಒಂದು ದೊಡ್ಡ ಅಡುಗೆಮನೆ. ಅಲ್ಲಿ ಅವ್ವ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಳು, ಕಾಕಿ ಹಂಚಿನ ಮುಂದೆ ಕೂತು ಬೇಯಿಸುತ್ತಿದ್ದಳು. ಕಟ್ಟಿಗೆ ಒಲೆಯಲ್ಲಿ ಬೆಂದು ಒಣಗಿದ ಅವರ ಖಡಕ್ ರೊಟ್ಟಿಗೆ ಖಾನಾವಳಿಗಳಿಂದ, ಮದುವೆ ಮನೆಗಳಿಂದ ಬೇಡಿಕೆ ಇತ್ತು. ಆದರೆ ಕೆಲವು ವರ್ಷಗಳಿಂದ ಇಬ್ಬರೂ ಮಾತು ಬಿಟ್ಟಿದ್ದರು. ಜಗಳವಿರಲಿಲ್ಲ. ಮಾತೂ ಇರಲಿಲ್ಲ. ಅವ್ವನಿಗೆ ಉರಿ ಹೆಚ್ಚಾಯಿತು ಅನಿಸಿದರೆ ನನ್ನ ಕಡೆ ತಿರುಗಿ, ಉರಿ ಭಾಳ ಆಗ್ಯದ ಅಂತ ಹೇಳು ಅನ್ನುತ್ತಿದ್ದಳು. ಕಾಕಿ ಒಂದು ಕೈ ದೂರದಲ್ಲೇ ಕೂತಿರುತ್ತಿದ್ದಳು, ನಾನು ಹೇಳುವ ಮೊದಲೇ ಕಟ್ಟಿಗೆ ಹೊರಗೆ ಎಳೆಯುತ್ತಿದ್ದಳು. ನಾನು ಕಾಲೇಜಿಗೆ ಹೋದಾಗ ಅವರು ಇಂಥ ಮಾತನ್ನು ಒಲೆಗೋ ಬೆಕ್ಕಿಗೋ ಹೇಳುತ್ತಿದ್ದರಂತೆ.

ಮಾತು ನಿಂತದ್ದು ನಮ್ಮ ಅಜ್ಜಿ, ಅಪ್ಪನ ತಾಯಿ, ತೀರಿಕೊಂಡಾಗ. ಅವ್ವ ಆಗ ತಮ್ಮನ ಮದುವೆಗೆಂದು ತವರಿಗೆ, ಬೇಮಳಖೇಡಕ್ಕೆ ಹೋಗಿದ್ದಳು. ಅಜ್ಜಿಗೆ ಇಲ್ಲಿ ಒಮ್ಮೆಲೇ ಕಾಯಿಲೆ ಹೆಚ್ಚಾಯಿತು. ಎಲ್ಲ ಮುಗಿದ ಮೇಲಷ್ಟೇ ಅವ್ವನಿಗೆ ಸುದ್ದಿ ಮುಟ್ಟಿತು. ಅಜ್ಜಿಯ ಹತ್ತಿರ ಇದ್ದವಳು ಕಾಕಿಯೇ. ಬೇಕೆಂದೇ ತನ್ನನ್ನು ಕರೆಸಲಿಲ್ಲ ಎಂದು ಅವ್ವ ತಿಳಿದಳು. ಹಾಗೆಂದು ಬಾಯಿ ಬಿಟ್ಟು ಕೇಳಲಿಲ್ಲ. ಕಾಕಿಯೂ ತಾನಾಗಿ ಏನೂ ಹೇಳಲಿಲ್ಲ. ಹದಿಮೂರನೆಯ ದಿನದ ಊಟದ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಮೂಲೆ ಹಿಡಿದಿದ್ದರು.

ಇದನ್ನೆಲ್ಲ ನಾನು ಗೆಳತಿಗೆ ಬಸ್ಸಿನಲ್ಲೇ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ಜಾಹೀರಾತಿನಲ್ಲಿ ಅವರು ನಿಜವಾಗಿ ಮಾತಾಡಬೇಕಿಲ್ಲ, ಬರೆದುಕೊಟ್ಟದ್ದನ್ನು ಹೇಳಿದರೆ ಸಾಕು ಎಂದಳು. ಅವಳು ಬರೆದದ್ದು ಇಷ್ಟೇ. ಕಾಕಿ ಮೊಬೈಲ್ ಕೆಳಗಿಟ್ಟು, "ಅಕ್ಕಾ, ಫೋನ್ ಬಂದಿತ್ತು, ಇನ್ನೂ ರೊಟ್ಟಿ ಬೇಕಂತ" ಅನ್ನಬೇಕು. ಅವ್ವ ನಕ್ಕು, "ಬೇಯ್ಸು, ನಾ ಬಡೀತೀನಿ" ಅನ್ನಬೇಕು. ಆಮೇಲೆ ರೊಟ್ಟಿಯ ರಾಶಿ, ವಿಳಾಸ.

ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ಅವರು ಒಪ್ಪಿದರೇನು? ಇಬ್ಬರಿಗೂ ಹೌದು ಎಂದೆ. ಪ್ರಾಜೆಕ್ಟ್ ಇದ್ದುದರಿಂದ ಇಬ್ಬರಿಗೂ ಬೇಡ ಅನ್ನಲು ಆಗಲಿಲ್ಲ. ಮಾರ್ಕ್ಸಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಮೆತ್ತಗೆ.

ಭಾನುವಾರ ಬೆಳಿಗ್ಗೆ ಗೆಳತಿ ಬಂದಳು. ಪಕ್ಕದ ಹಿಟ್ಟಿನ ಗಿರಣಿಗೆ ಅವತ್ತು ರಜೆ, ಹಾಗಾಗಿ ಸದ್ದಿಲ್ಲ. ಅಡುಗೆಮನೆಯ ಬೆಳಕಿಂಡಿಗೆ ಮುಚ್ಚಿದ್ದ ಹೆಂಚಿನ ತುಂಡು ತೆಗೆಸಿದೆವು. ಬಿಸಿಲು ಕೋಲಿನ ಹಾಗೆ ಇಳಿದು ಹೊಗೆಯೆಲ್ಲ ಕಾಣತೊಡಗಿತು. ಮೊಬೈಲನ್ನು ಎಣ್ಣೆ ಡಬ್ಬಿಗೆ ಆನಿಸಿ ನಿಲ್ಲಿಸಿದೆವು. ಕಾಕಿ ಮದುವೆಗೆ ಉಡುವ ಹಸಿರು ಸೀರೆ ಉಟ್ಟು ಬಂದಿದ್ದಳು. ಅವ್ವ ದಿನದ ಸೀರೆಯಲ್ಲೇ ಇದ್ದಳು. ಕಾಕಿಯನ್ನು ನೋಡಿ ಎದ್ದು ಹೋಗಿ, ತಾನೂ ಒಂದು ಒಳ್ಳೆಯ ಸೀರೆ ಉಟ್ಟು ಬಂದಳು.

ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುವುದು, ಎಲ್ಲ ಸಲೀಸಾಗಿ ಆಯಿತು. ತೊಡಕಾದದ್ದು ಮಾತಿನಲ್ಲಿ. ಕಾಕಿ ಮೊದಲ ಸಲ, "ಫೋನ್ ಬಂದಿತ್ತು, ಇನ್ನೂ ರೊಟ್ಟಿ ಬೇಕಂತ" ಎಂದಳು. ಅಕ್ಕಾ ಅನ್ನಲಿಲ್ಲ. ಗೆಳತಿ ನೆನಪಿಸಿದಳು. ಎರಡನೆಯ ಸಲವೂ ಅದೇ ಮಾತು ಬಿಟ್ಟುಹೋಯಿತು. ಮೂರನೆಯ ಸಲ ಕೆಮ್ಮು ಬಂತು. ಗೆಳತಿ ಬೇಸರಿಸಿಕೊಳ್ಳದೆ ಮತ್ತೆ ಮೊಬೈಲ್ ಒತ್ತಿದಳು. ಕಾಕಿ ಹಂಚಿನ ಕಡೆ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದಳು.

"ಅಕ್ಕಾ, ಫೋನ್ ಬಂದಿತ್ತು..."

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಬರೆದುಕೊಟ್ಟ ಮಾತು ಅವಳ ಬಾಯಿಗೆ ಬರಲಿಲ್ಲ.

"ಅವತ್ತ ಹಿಂಗ ಒಂದು ಫೋನ್ ಮಾಡಿದ್ದರ ಏನಾಗ್ತಿತ್ತು?" ಎಂದಳು.

ಗೆಳತಿ ನನ್ನ ಮುಖ ನೋಡಿದಳು. ಮೊಬೈಲ್ ನಿಲ್ಲಿಸಲು ಅವಳಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಕಾಕಿ ಒದ್ದೆ ಬಟ್ಟೆ ಕೆಳಗಿಟ್ಟಳು. ಆಮೇಲೆ ಅವ್ವನ ಕಡೆ ತಿರುಗಿದಳು.

"ಅತ್ತಿ ಮಾಡಗೊಡಲಿಲ್ಲ ಅಕ್ಕಾ. ನಾ ಫೋನ್ ಕೈಯಾಗ ತಗೊಂಡಿದ್ದೆ. ಬ್ಯಾಡ, ಆಕಿ ತಮ್ಮನ ಮದಿವಿ ಅದ, ಅಕ್ಕಿಕಾಳು ಹಾಕಿ ಬರಲಿ, ಅಲ್ಲೀಮಟ ನಾ ಇರ್ತೀನಿ ಅಂದ್ಲು. ನನಗೂ ಇರ್ತಾಳ ಅಂತೇ ಅನ್ನಿಸ್ತು."

"ನನ್ನ ಕೇಳಿದ್ಲೇನು?"

"ಕೇಳಿದ್ಲು. ನಾ ನೀರು ಕುಡಿಸಾಕತ್ತಿದ್ದೆ. ನನ್ನ ನೀನೇ ಅಂತ ತಿಳಕೊಂಡು, ನಿನ್ನ ಹೆಸರು ತಗೊಂಡೇ ಕುಡದ್ಲು. ನಾ ಆಕಿ ಅಲ್ಲ ಅಂತ ಅನ್ನಲಿಲ್ಲ, ಹೂಂ ಅಂದೆ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಕೈಯ ಹಿಟ್ಟು ಹಣೆಗೆ ಮೆತ್ತಿತು.

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ. ನೀ ಕೇಳಿದ್ದರ ನಾ ಅವತ್ತೇ ಹೇಳ್ತಿದ್ದೆ."

ಹಂಚಿನ ಮೇಲಿನ ರೊಟ್ಟಿ ಕರಕಾಗಿ ವಾಸನೆ ಬಂತು. ಅವ್ವ, ರೊಟ್ಟಿ ಕಡೆ ನೋಡು ಎಂದಳು, ನೇರವಾಗಿ ಕಾಕಿಗೇ. ಕಾಕಿ ಅದನ್ನು ತೆಗೆದು ಪಕ್ಕಕ್ಕೆ ಎಸೆದಳು. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕೆಲಸ ಮಾಡಿದರು. ಒಂದೆರಡು ರೊಟ್ಟಿ ಬೆಂದವು. ನಾನು ಇದ್ದದ್ದು ಬಾಗಿಲ ಹತ್ತಿರ, ಒಳಗೆ ಹೋಗಬೇಕೋ ಹೊರಗೆ ಹೋಗಬೇಕೋ ತಿಳಿಯಲಿಲ್ಲ. ಕೊನೆಗೆ ಅವ್ವನೇ ಗೆಳತಿಯ ಕಡೆ ತಿರುಗಿ, ತಾನು ಏನು ಹೇಳಬೇಕಿತ್ತು ಎಂದು ಕೇಳಿದಳು. ಗೆಳತಿ ಹೇಳಿಕೊಟ್ಟಳು. ಮತ್ತೆ ತೆಗೆದೆವು. ಈ ಸಲ ಕಾಕಿ ಅಕ್ಕಾ ಎಂದಳು, ಅವ್ವ ತನ್ನ ಮಾತು ಹೇಳಿದಳು. ನಗಲು ಮಾತ್ರ ಆಗಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ಕೆಲಸ ಮುಗಿದ ಮೇಲೆ ಗೆಳತಿಗೆ ಇಬ್ಬರೂ ಸೇರಿ ಎಷ್ಟು ಬಡಿಸಿದರೆಂದರೆ, ಅವಳು ಸಂಜೆಯವರೆಗೆ ಅಂಗಳದಲ್ಲಿ ಮಲಗಿಯೇ ಇದ್ದಳು.

ಸೋಮವಾರ ಕಾಲೇಜಿನ ಹಿಂದಿನ ಕಟ್ಟೆಯ ಮೇಲೆ ಕೂತು ವಿಡಿಯೊ ಕತ್ತರಿಸಿದೆವು. ನಡುವಿನ ಆ ಭಾಗ ಬಂದಾಗ ಗೆಳತಿ ಮೊಬೈಲನ್ನು ನನ್ನ ಕೈಗೆ ಕೊಟ್ಟು, ನೀರಿನ ಬಾಟಲಿ ತುಂಬಿಸಲು ಎದ್ದು ಹೋದಳು. ನಾನು ಪೂರ್ತಿ ನೋಡಲಿಲ್ಲ, ಅಳಿಸಿಬಿಟ್ಟೆ. ಅದು ಯಾರಿಗೂ ತೋರಿಸುವಂಥದ್ದಲ್ಲ, ನಾನು ಇಟ್ಟುಕೊಳ್ಳುವಂಥದ್ದೂ ಅಲ್ಲ ಅನಿಸಿತು. ಗೆಳತಿ ಬಂದು ಮುಂದಿನ ಭಾಗ ಕತ್ತರಿಸತೊಡಗಿದಳು.

ತರಗತಿಯಲ್ಲಿ ಎಲ್ಲರ ಜಾಹೀರಾತುಗಳನ್ನೂ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ನಮ್ಮದು ಬಂದಾಗ ಹಿಂದಿನ ಸಾಲಿನವರು ಹೊಗೆ ನೋಡಿ ಕೆಮ್ಮಿದಂತೆ ಮಾಡಿ ನಕ್ಕರು. ವಿಳಾಸ ಓದುವಷ್ಟರಲ್ಲಿ ಮಾಯವಾಗುತ್ತದೆ, ಇಂಥ ಜಾಹೀರಾತು ನೋಡಿ ಗಿರಾಕಿ ಬರುವುದು ಹೇಗೆ ಎಂದು ಸರ್ ತಪ್ಪು ತೋರಿಸಿದರು. ಅದು ಸರಿಯೇ. ಆಮೇಲೆ, ಅಕ್ಕಾ ಅಂದ ಹೆಣ್ಣುಮಗಳು ಯಾವ ನಾಟಕದಲ್ಲಿ ಮಾಡುತ್ತಾರೆ ಎಂದು ಕೇಳಿದರು. ನಮ್ಮ ಕಾಕಿ, ನಾಟಕ ಮಾಡುವುದಿಲ್ಲ ಎಂದೆ. ಸರ್ ಆ ತುಣುಕನ್ನು ಇನ್ನೊಮ್ಮೆ ಹಾಕಿಸಿದರು. ಗೆಳತಿ ಬೆಂಚಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು.

ಮನೆಯಲ್ಲಿ ಎಲ್ಲವೂ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮಾತಾಡುವ ರೂಢಿಯೇ ತಪ್ಪಿಹೋಗಿತ್ತು. ಮೊದಮೊದಲು ಹಿಟ್ಟು, ಕಟ್ಟಿಗೆ, ಬೆಲ್ಲ, ಇಷ್ಟೇ. ಎಷ್ಟೋ ಸಲ ಅವ್ವ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ, ಅರ್ಧ ಹೇಳಿ ನಿಲ್ಲಿಸಿ, ಆಮೇಲೆ ಕಾಕಿಯ ಕಡೆ ತಿರುಗುತ್ತಿದ್ದಳು. ಕ್ರಮೇಣ ತಕರಾರುಗಳೂ ಶುರುವಾದವು. ರೊಟ್ಟಿ ದಪ್ಪವಾಯಿತು, ಹಂಚು ಕಾದಿಲ್ಲ ಎಂದು ಅಂಗಳಕ್ಕೆಲ್ಲ ಕೇಳುವಂತೆ ವಾದ ಮಾಡುತ್ತಿದ್ದರು. ಮೊದಲೇ ಆರಾಮಾಗಿತ್ತು ಎಂದು ಅಪ್ಪ ಗೊಣಗಿದರೂ, ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ.

ಆ ಬೇಸಿಗೆಯಲ್ಲಿ ಬೇಮಳಖೇಡದ ಮಾವನ ಮಗಳ ಹೆಸರಿಡುವ ಕಾರ್ಯಕ್ಕೆ ಅವ್ವ ಕಾಕಿಯನ್ನೂ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಅಜ್ಜಿಯ ಕೊನೆಯ ದಿನದ ಬಗ್ಗೆ ಅವ್ವ ಆಗೊಂದು ಈಗೊಂದು ಪ್ರಶ್ನೆ ಕೇಳುವುದು ಅಷ್ಟರಲ್ಲಿ ರೂಢಿಯಾಗಿತ್ತು. ಅವತ್ತೂ ಬಸ್ಸು ಹೊರಟ ಮೇಲೆ, ಅತ್ತೆ ಆ ದಿನ ಏನಾದರೂ ಉಂಡಿದ್ದಳೇ ಎಂದು ಕೇಳಿದಳು. ಹಾಲಿನಲ್ಲಿ ನೆನೆಸಿದ ರೊಟ್ಟಿ ಎರಡು ತುತ್ತು ತಿಂದಳು, ಬೆಲ್ಲ ಬೇಕು ಎಂದು ಹಟ ಮಾಡಿದಳು ಎಂದಳು ಕಾಕಿ. ಅವ್ವ, ಕೊಟ್ಟೆಯಾ ಎಂದು ಕೇಳಿದಳು. ಕೊಟ್ಟೆ ಎಂದು ಕಾಕಿ ಹೇಳಿದಳು. ಆಮೇಲೆ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಕೂತರು. ಹೊಲಗಳಲ್ಲಿ ತೊಗರಿ ಕಟಾವು ಮುಗಿದು ಬರೀ ಕೂಳೆ ನಿಂತಿತ್ತು.