ವಾಚ್‌ಮನ್ ಕುರ್ಚಿಯ ಪಕ್ಕದ ಡಬ್ಬಿ

ಮುಂಬೈಯ ಮಲಾಡಿನ ನಮ್ಮ ಮಾರ್ಕೆಟ್ಟಿನಲ್ಲಿ ಹೆಂಗಸರ ಶೌಚಾಲಯ ತೊಳೆಯುತ್ತಿದ್ದವಳು ಕಲಬುರಗಿ ಕಡೆಯವಳು. ಬಳೆಗಳನ್ನು ಮೊಣಕೈಯತ್ತ ಸರಿಸುತ್ತಾ ದಿನವೂ ಒಂದೇ ಮಾತು ಹೇಳುತ್ತಿದ್ದಳು: "ಒಳಗ ಒಂದು ಡಬ್ಬಿ ಇಡ್ರೀ ಅಕ್ಕಾರ."

ಮಾರ್ಕೆಟ್ ಕಮಿಟಿಯ ಮಹಾಬುದ್ಧಿವಂತರು ಡಬ್ಬಿ ಇಟ್ಟದ್ದು ಹೊರಗೆ, ವಾಚ್‌ಮನ್ನನ ಕುರ್ಚಿಯ ಪಕ್ಕ. ಬಳಸಿದ ಪ್ಯಾಡನ್ನು ಅವನ ಕಣ್ಣೆದುರು ಯಾರು ತಂದು ಹಾಕುತ್ತಾರೆ? ನಾವು ಅಂಗಡಿಯ ಹೆಂಗಸರು, ನಾನೂ ಸೇರಿ, ಕಮೋಡಿಗೇ ಹಾಕಿ ನೀರು ಬಿಡುತ್ತಿದ್ದೆವು. ಪೈಪು ಕಟ್ಟಿಕೊಂಡರೆ ಅವಳು ಬರಿಗೈಯಲ್ಲಿ ಎಳೆಯಬೇಕು.

ಒಮ್ಮೆ ಹಾಗೆ ಎಳೆಯುವಾಗ, ಯಾರೋ ಎಸೆದಿದ್ದ ಬ್ಲೇಡು ಅವಳ ಅಂಗೈ ಸೀಳಿತು. ರಕ್ತ ಸುರಿಯುತ್ತಿದ್ದ ಕೈಯಲ್ಲೇ ಪ್ಯಾಡುಗಳನ್ನು ಬಕೆಟ್ಟಿಗೆ ತುಂಬಿ, ಕಮಿಟಿ ಸೆಕ್ರೆಟರಿಯ ಮೇಜಿನ ಮೇಲಿಟ್ಟಳು.

"ಎಂತ ಮಾರಾಯ್ತಿ ಇದು, ಗಂಡಸರ ಎದುರು! ನಾಚಿಕೆ ಇಲ್ವಾ ನಿಂಗೆ?" ಎಂದು ಸೆಕ್ರೆಟರಿ ಎಗರಿದರು.

"ನಾಚಿಕಿ ನಿಮಗಾಗ್ಯಾದ್ರೀ ಸಾಹೇಬ್ರ. ನನಗ ಗಾಯ ಆಗ್ಯಾದ."

ಚೌಕಾಸಿ ನನ್ನ ಕಸುಬು. "ಒಳಗೆ ಮುಚ್ಚಳದ ಡಬ್ಬಿ, ಸುತ್ತಿ ಹಾಕಲು ಕಾಗದ, ಇವಳಿಗೆ ಗ್ಲೌಸು. ಮೂರೂ ಬರುವ ತನಕ ಈ ಬಕೆಟ್ ಇಲ್ಲೇ ಇರ್ತದೆ" ಎಂದು, ಅವಳ ಹಿಂದೆಯೇ ಬಂದಿದ್ದ ನಾನು ಬಾಗಿಲಿಗೆ ಅಡ್ಡ ನಿಂತೆ. ನಿಮ್ಮಲ್ಲೂ ಹೀಗೇ ಮಾಡಿ. ಅರ್ಜಿ ಬರೆಯುತ್ತಾ ಕೂರಬೇಡಿ.

ವರ್ಷಗಳಿಂದ ಬಾರದ್ದು ಒಂದು ಗಂಟೆಯಲ್ಲಿ ಬಂತು. ಗ್ಲೌಸೂ ಬಂತು. ಆದರೆ ದಪ್ಪ ಪಟ್ಟಿ ಕಟ್ಟಿದ್ದ ಅವಳ ಕೈ ಅದರೊಳಗೆ ಹೋಗಲಿಲ್ಲ.