ಹುಣಸೆ ಮರದಡಿಯ ಚಪ್ಪಲಿ

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ಚಳ್ಳಕೆರೆಯ ಹುಡುಗರಿಗೆ ಇಪ್ಪತ್ತು ವರ್ಷ ಸಸ್ಯಶಾಸ್ತ್ರ ಹೇಳಿಕೊಟ್ಟವನು ನಾನು. ಯಾರಾದರೂ ಪವಾಡದ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ, ನೀವು ನಕ್ಕರೆ ಬೇಜಾರಿಲ್ಲ.

ಮೊಳಕಾಲ್ಮುರು ಕಡೆ, ದೇವಸಮುದ್ರದ ಆಚೆ ಒಂದು ದೇವರ ಕಾಡಿದೆ. ರಸ್ತೆ ಅಗಲ ಮಾಡಲು ಅಲ್ಲಿನ ಮರಗಳಿಗೆ ಕೆಂಪು ಗುರುತು ಬಿದ್ದಿತ್ತು. ಅದೇ ಕಾಡಿನಲ್ಲಿ, ಮರದ ಮೇಲೆ ಬೆಳೆಯುವ ಆರ್ಕಿಡ್ಡಿನ, ಗಾಳಿಗೆ ಬಿದ್ದಿದ್ದ ಒಣ ತುಂಡೊಂದು ನನಗೆ ಸಿಕ್ಕಿತ್ತು. ಸಂರಕ್ಷಿತ ಜಾತಿಯದೇ ಇರಬೇಕು ಎಂದೆ. ಹೂವಿಲ್ಲದೆ ಒಪ್ಪುವುದಿಲ್ಲ ಎಂದರು ಅಧಿಕಾರಿಗಳು. ಸೋಮವಾರ ಮರ ಕಡಿಯುವವರು ಬರುವವರಿದ್ದರು. ಹೂವು ಹುಡುಕಿಕೊಂಡು ನಾನು ಹೋದದ್ದು ಹಿಂದಿನ ದಿನ, ಭಾನುವಾರ ಬೆಳಿಗ್ಗೆ.

ದೇವರ ಎತ್ತುಗಳನ್ನು ಕಾಯುವ ಕಿಲಾರಿ ಓಬಯ್ಯನವರು ಜೊತೆಗೆ ಬಂದರು. ಗಡಿಗಲ್ಲಿನ ಹತ್ತಿರ ನಿಲ್ಲಿಸಿ, "ಚಪ್ಪಲಿ ಇಲ್ಲೇ ಬಿಡ್ರಿ ಸಾರ್. ಒಳಗೆ ಮೆಟ್ಟಂಗಿಲ್ಲ, ಕೈಯಾಗೂ ಹಿಡಿಯಂಗಿಲ್ಲ" ಅಂದರು. ಜಾಲಿ ಮುಳ್ಳಿನ ಕಾಡಿನಲ್ಲಿ ಬರಿಗಾಲು. ಮನಸ್ಸಿನಲ್ಲೇ ಬೈದುಕೊಂಡು ಬಿಟ್ಟೆ.

ಮೂರು ಗಂಟೆ ಅಲೆದೆವು. ಸಿಕ್ಕಿದ್ದೆಲ್ಲ ಮರದ ರಸ ಹೀರುವ ಬದನಿಕೆ. ಓಬಯ್ಯನವರು ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ಸೋತು ಒಂದು ಹುಣಸೆ ಮರದಡಿ ಕೂರಲು ಹೋದರೆ, ಅಲ್ಲಿ ನನ್ನ ಚಪ್ಪಲಿ ಇದ್ದವು. ಮನೆ ಬಾಗಿಲಲ್ಲಿ ಬಿಟ್ಟ ಹಾಗೆ, ಜೋಡಿಯಾಗಿ. ಎಡ ಚಪ್ಪಲಿಯ ಉಂಗುಟಕ್ಕೆ ನಾನು ಹಾಕಿಸಿದ್ದ ಹೊಲಿಗೆಯೂ ಇತ್ತು.

ಯಾರಿದ್ದಾರೆಂದು ಸುತ್ತ ನೋಡಿದೆ, ಮೇಲೆ ನೋಡಿದೆ. ಕೊಂಬೆಯಲ್ಲಿ ಆರ್ಕಿಡ್ ಹೂವಿತ್ತು. ಹಳದಿ ಎಸಳಿನ ಮೇಲೆ ಕಂದು ಗೀರುಗಳ ಬಲೆ, ನಡುವೆ ನೇರಳೆ ತುಟಿ, ಎರಡು ಸಾಲು ಎಲೆ, ತೊಗಟೆಯನ್ನು ತಬ್ಬಿದ ದಪ್ಪ ಬಿಳಿ ಬೇರು. ಅನುಮಾನಕ್ಕೆ ಜಾಗವೇ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಸಂತೋಷಕ್ಕೆ ಅತ್ತುಬಿಟ್ಟೆ.

ಓಬಯ್ಯನವರು ಚಪ್ಪಲಿಯನ್ನೇ ನೋಡುತ್ತಿದ್ದರು. "ಚಪ್ಪಲಿ ಒಳಗೆ ತರೋ ಮನುಷ್ಯ ಈ ಸೀಮ್ಯಾಗೆ ಇಲ್ಲ ಸಾರ್" ಅಂದವರು ಆಮೇಲೆ ನಗತೊಡಗಿದರು. "ಮುಳ್ಳಿಗೆ ಹೆದರಿ ನೆಲಾನೇ ನೋಡ್ಕಂತ ಬಂದ್ರಿ. ಅದ್ಕೇ ನೆಲದಾಗೇ ಇಟ್ಟು ತೋರ್ಸೈತೆ ದೇವ್ರು. ಈಗ ತಲೆ ಮ್ಯಾಲೆ ಹೊತ್ಕಂಡು ಹೊರಗೆ ನಡೀರಿ."

ಹಾಗೇ ಹೊತ್ತುಕೊಂಡು ಬಂದೆ, ನಗುತ್ತಾ.

ಹೂವು ನೋಡಿ ಅಧಿಕಾರಿಗಳು ಮರ ಕಡಿಯುವುದನ್ನು ನಿಲ್ಲಿಸಿದರು. ರಸ್ತೆ ಕಾಡನ್ನು ಬಿಟ್ಟು ಸುತ್ತಿಕೊಂಡು ಹೋಯಿತು. ಚಪ್ಪಲಿಯನ್ನು ನಾಯಿ ತಂದಿರಬೇಕು ಅನ್ನುತ್ತಾಳೆ ನನ್ನ ಹೆಂಡತಿ. ಹಲ್ಲಿನ ಗುರುತಿಲ್ಲದೆ, ಜೋಡಿಸಿಟ್ಟು ಹೋಗುವ ನಾಯಿ ಯಾವುದೋ ನನಗೆ ತಿಳಿಯದು.

ಈಗಲೂ ಹೂ ಬಿಡುವ ಕಾಲಕ್ಕೆ ಹೋಗುತ್ತೇನೆ. ಗಡಿಗಲ್ಲಿನ ಬಳಿ ಚಪ್ಪಲಿ ಬಿಡುತ್ತೇನೆ. ವಾಪಸು ಬರುವಾಗ ಅವು ಅಲ್ಲೇ ಇರುತ್ತವೆ. ಪ್ರತಿ ಸಲವೂ ನನಗೆ ಸ್ವಲ್ಪ ನಿರಾಸೆಯಾಗುತ್ತದೆ.